ನಾನ್‌ರಿಟರ್ನ್ ವಾಲ್ವು

ಇಪ್ಪತ್ತಾರು ವರ್ಷ ಸೋಹಾರಿನಲ್ಲಿ
ಕಡಲನ್ನು ಕುಡಿಯುವ ನೀರು ಮಾಡುವ ಕಾರ್ಖಾನೆಯ
ಪಂಪುಗಳಿಗೆ ವಾಲ್ವು ಕೂರಿಸಿದವನು ನಾನು.
ಎಷ್ಟು ಬಿಚ್ಚಿದ್ದೇನೆ, ಲೆಕ್ಕವಿಟ್ಟಿಲ್ಲ.
ಉಪ್ಪು ಕಚ್ಚಿದ್ದು, ತುಟಿ ಸವೆದದ್ದು,
ಮುಚ್ಚಲಾರದೆ ಹಿಂದಕ್ಕೆ ಉಗುಳುವುದು.
ರಿಪೇರಿ ಬೇಡ, ಬದಲಿಸು ಎಂದು
ಚೀಟಿ ಬರೆದು ಸಹಿ ಹಾಕಿದವನು.

ಈಗ ಡಾಕ್ಟರ್ ರಹ್ಮಾ ಮೇಜಿನ ಮೇಲೆ
ಎರಡು ಇಟ್ಟರು, ಪಕ್ಕಪಕ್ಕ.
ಒಂದು ಹಸುವಿನ ಹೃದಯದ ಪೊರೆಯಿಂದ ಹೊಲಿದದ್ದು,
ನೆನೆದ ಹಪ್ಪಳದ ಹಾಗೆ ಮೆತ್ತಗೆ;
ಹತ್ತು ಹದಿನೈದು ವರ್ಷ, ಆಮೇಲೆ ಮತ್ತೆ ಎದೆ ತೆರೆಯಬೇಕಾದೀತು.
ಇನ್ನೊಂದು ಕರಿ ಇಂಗಾಲದ್ದು, ಎರಡು ರೆಕ್ಕೆ,
ನನಗಿಂತ ಹೆಚ್ಚು ಬಾಳುವಂಥದ್ದು.
ಆದರೆ ಟಿಕ್ ಅನ್ನುತ್ತದೆ.
ಮತ್ತೆ ರಕ್ತ ತೆಳುವಾಗುವ ಗುಳಿಗೆ, ಸಾಯುವ ತನಕ.

ಕರಿಯದನ್ನು ಎತ್ತಿ ಬೆರಳಲ್ಲಿ ತೆರೆದು ಮುಚ್ಚಿದೆ.
ಕೈಗೆ ಗೊತ್ತಾಯಿತು, ಒಳ್ಳೆಯ ಕೆಲಸ.
"ಯಾರ ಮೇಕು?" ಎಂದೆ. ಆಕೆ ನಕ್ಕರು.

ಫೋನಿನಲ್ಲಿ ಲುಡ್ವಿನ್ ಕೇಳಿದಳು, ಯಾವುದಕ್ಕೆ ನೋವು ಕಮ್ಮಿ?
ನೋವು ಎರಡಕ್ಕೂ ಒಂದೇ ರೇಟು ಎಂದೆ.
ಹೇಳದೆ ಉಳಿಸಿಕೊಂಡ ಲೆಕ್ಕ ಇದು:
ಇವತ್ತು ಕಂಪೆನಿಯ ಇನ್ಶೂರೆನ್ಸ್ ಕಾರ್ಡು ಜೇಬಿನಲ್ಲಿದೆ.
ಹದಿನೈದು ವರ್ಷದ ಮೇಲೆ ಇದೇ ಎದೆ ತೆರೆಯಲು
ಯಾವ ಊರು, ಯಾರ ದುಡ್ಡು?
ಟಿಕ್ ಅನ್ನುವುದನ್ನೇ ಬರೆಸಿದೆ.

ಆಮೇಲಿನದು ಹೇಳುವಂಥದ್ದಲ್ಲ.
ಕೆಮ್ಮು ಬಂದರೆ ದಿಂಬು ಅವುಚಿಕೊಂಡು ಕೆಮ್ಮಬೇಕು.
ಮೂರು ನೀಲಿ ಚೆಂಡುಗಳನ್ನು ಉಸಿರೆಳೆದು ಏಳಿಸಬೇಕು.
ಎಂಬತ್ತು ಕಿಲೋ ಫ್ಲಾಂಜು ಎತ್ತಿದವನಿಗೆ
ಮೂರನೆಯ ಚೆಂಡು ಒಂಬತ್ತು ದಿನ ಏಳಲಿಲ್ಲ.

ಕ್ಯಾಂಪಿನ ತಾರಸಿಯಲ್ಲಿ, ಪೇಂಟಿನ ಬಕೆಟ್ಟಿನ ಬಸಳೆ
ನಾನಿಲ್ಲದ ತಿಂಗಳಲ್ಲಿ ಡಿಶ್ ಆಂಟೆನಾ ಹತ್ತಿತ್ತು.
ಸೊಪ್ಪು ಬಿಡಬೇಕಾ ಎಂದರೆ ನರ್ಸಮ್ಮ ಅಂದದ್ದು,
ಬಿಡಬೇಡಿ, ವಾರವಾರವೂ ಒಂದೇ ಅಳತೆ.
ಹುಸೇನಬ್ಬ ಈಗ ಎಲೆ ಎಣಿಸಿ ಸಾರಿಗೆ ಹಾಕುತ್ತಾನೆ.

ಮೊದಲ ರಾತ್ರಿ ಅವನು ಎದ್ದು ಕೂತ.
"ಎಂತದು ಮಾರಾಯ, ಗೋಡೆಯದ್ದಾ, ನಿನ್ನದಾ?"
ಲೈಟು ಹಾಕದೆ ಸ್ಟೂಲು ಹತ್ತಿ, ಗಡಿಯಾರದ ಬ್ಯಾಟರಿ ಕಿತ್ತು
ದಿಂಬಿನಡಿ ಇಟ್ಟು ಮಲಗಿದ.
ನಮ್ಮ ರೂಮಿನಲ್ಲಿ ಅಂದಿನಿಂದ ಎರಡು ಇಪ್ಪತ್ತು.

ನಿನ್ನೆ ಕೆಲಸಕ್ಕೆ ಹೋದೆ. ಎತ್ತುವುದಿಲ್ಲ, ನೋಡುವುದಷ್ಟೆ.
ನಾಲ್ಕನೇ ಪಂಪಿನ ವಾಲ್ವಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ
ಹಿಡಿಯನ್ನು ಕಿವಿಗಿಟ್ಟೆ, ಯಾವಾಗಲೂ ಮಾಡುವ ಹಾಗೆ.
ಟಿಕ್.
"ಸೋರ್ತಾ ಇದೆಯಾ, ಉಸ್ತಾದ್?" ಎಂದ ನೇಪಾಳದ ಹುಡುಗ.
ತಡಿ, ಎಂದೆ, ಉಸಿರು ಹಿಡಿದು,
ಒಂದು ನಿಮಿಷ ತಡಿ.