ಅಂತೆ ಕಂತೆ

ಆ ಕಡೆ ಔಷಧಿಗೆ ದುಡ್ಡಿಲ್ಲವಂತೆ.
ಈ ಕಡೆ ಒಂದೊಂದು ಔಷಧಿಗೂ
ಹತ್ತು ಪೆನ್ನಿ ಕಮ್ಮಿ ಹತ್ತು ಪೌಂಡು;
ಇದು ಅಂತೆಯಲ್ಲ, ರಸೀತಿ ನನ್ನ ಕೋಟಿನ ಜೇಬಲ್ಲಿದೆ.
ಆ ಕಡೆ ಕಾಲೇಜಿಗೆ ಫೀಸಿಲ್ಲವಂತೆ,
ಮೂರು ವರ್ಷ ಮುಂಚಿಂದ ಅಲ್ಲೇ ನೀರು ಕುಡಿದಿರಬೇಕಂತೆ,
ನಮ್ಮ ವೀಸಾಕ್ಕೆ ಅದು ಸಲ್ಲುತ್ತದೋ ಇಲ್ಲವೋ
ಹೇಳಿದವನಿಗೂ ಗೊತ್ತಿಲ್ಲ.
ಬೀರು ಮಾತ್ರ ಈ ಕಡೆಯೇ ಅಗ್ಗ,
ಅದಕ್ಕೇ ಶನಿವಾರ ಅವರ ಕಾರುಗಳು
ನಮ್ಮ ಬೆರಿಕ್ಕಿನ ಅಂಗಡಿ ಮುಂದೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ,
ಈ ಬೆಟ್ಟ ಮೂರೇ ಮೈಲಿ.
ತಗ್ಗು ಕಾಣುತ್ತದೆ, ತಂತಿಬೇಲಿ ಕಾಣುತ್ತದೆ,
ಬೇಲಿಗೆ ಬೆನ್ನುಜ್ಜುವ ಕುರಿ ಕೂಡ.
ಆದರೂ ಆಸೆ.

ಓಬಳೇಶ ಗ್ಯಾಸಿನ ಬಿಲ್ಲು ಮಗುಚಿಹಾಕಿ
ಅದರ ಬೆನ್ನ ಮೇಲೆ ಉದ್ದಕ್ಕೊಂದು ಗೀಟೆಳೆದ.
ಎಡಕ್ಕೆ ಇಂಗ್ಲೆಂಡು, ಬಲಕ್ಕೆ ಸ್ಕಾಟ್ಲೆಂಡು.
ಐಮೌತಿನ ಮೀನು ಕಾರ್ಖಾನೆಗೆ ಹೋಗಿಬರುವವನು,
ಹಗಲು ಒಂದು ದೇಶ, ರಾತ್ರಿ ಇನ್ನೊಂದು;
ಎಷ್ಟು ಸಲ ಕೈ ತೊಳೆದರೂ
ಗೀಟಿನ ಎರಡೂ ಕಡೆ ಏಡಿಯ ವಾಸನೆ.
"ಆ ಕಡೆ ತೆರಿಗೆ ಒಂಚೂರು ಜಾಸ್ತಿ ಐತೆ,
ಬಾಡಿಗೆ ಒಂಚೂರು ಕಮ್ಮಿ ಐತೆ,
ಹಂಗೂ ಹಿಂಗೂ ಸರಿಹೋಯ್ತದೆ."
"ಚಳೀನ ಯಾವ ಕಡೆ ಬರ್ಕೊಂಡೆ, ಅಪ್ಪ?"
ಹಂಸ ಕೇಳಿದಳು.
ಅವನು ಯೋಚಿಸಿ, ಎರಡೂ ಕಡೆ ಬರೆದ.

ನನಗೆ ಗೀಟು ಹೊಸದಲ್ಲ.
ನಮ್ಮ ಪಾವಗಡಕ್ಕೆ ಮೂರು ಗೋಡೆ ಆಂಧ್ರದ್ದು,
ಬಾಗಿಲಿನಷ್ಟು ಕರ್ನಾಟಕ.
ಆಚೆ ಅಕ್ಕಿ ಅಗ್ಗ, ಈಚೆ ಮೇಷ್ಟ್ರು ಮೇಲು,
ಆಚೆ ಬಸ್ಸು, ಈಚೆ ಆಸ್ಪತ್ರೆ,
ಅವ್ವ ಕಂತೆ ಕಟ್ಟುತ್ತಿದ್ದದ್ದು ತೆಲುಗಿನಲ್ಲಿ,
ಬಿಚ್ಚುತ್ತಿದ್ದದ್ದು ಕನ್ನಡದಲ್ಲಿ.
ಕಡೆಗೆ ಎಲ್ಲಿಗೂ ಹೋಗಲಿಲ್ಲ,
ಎರಡೂ ಕಡೆಯಿಂದ ಸೀಮೆಎಣ್ಣೆ ತಂದಳು.

ಈ ಕಡೆಯವರು ನನ್ನನ್ನು 'ಪೆಟ್' ಅನ್ನುತ್ತಾರೆ,
ಆ ಕಡೆಯವರು 'ಹೆನ್'.
ಈಚೆ ಸಾಕಿದ ಪ್ರಾಣಿ, ಆಚೆ ಹೇಂಟೆ.
ಪ್ರೀತಿಯೇ ಇರಬೇಕು.
ಕಾಳು ಹಾಕುವುದು ಯಾರು, ಅಷ್ಟೇ ಪ್ರಶ್ನೆ.

ಹಾಕುವುದು ಈಚೆಯ ವೃದ್ಧಾಶ್ರಮ,
ವೀಸಾದ ಮೇಲೆ ಅದರದೇ ಹೆಸರು.
ಮನೆ ಬೇಕಾದರೆ ಕದಲಿಸು, ಕೆಲಸ ಕದಲಿಸಬೇಡ
ಎಂದು ಆಫೀಸಿನವಳು ನಗುತ್ತಲೇ ಹೇಳಿದಳು.
ರಾತ್ರಿಪಾಳಿ ಮುಗಿಸಿ ಆ ಕಡೆ ಹೋಗಲು
ಬಸ್ಸು ಎಷ್ಟು ಹೊತ್ತಿಗೆ ಅಂತ ಗೀಟಿನ ಕೆಳಗೆ
ಇನ್ನೂ ಬರೆದಿಲ್ಲ.

ಹದಿನಾಲ್ಕನೆಯ ಕೋಣೆಯಲ್ಲಿ ಎಲ್ಸ್‌ಪೆತ್ ಡಾಡ್ಸ್,
ತೊಂಬತ್ತೊಂದು ತುಂಬಿದೆ.
ಟ್ವೀಡ್ ಹೊಳೆ ದಂಡೆಯ ಮನೆ ಮಾರಿ
ಆ ದುಡ್ಡಲ್ಲಿ ನಮ್ಮಲ್ಲಿದ್ದಾಳೆ.
"ಹೋದ ತಿಂಗಳು ಮೆಟ್ಟಿಲು ತಿಂದು ಮುಗಿಸಿದೆ,
ಈ ತಿಂಗಳು ಅಡಿಗೆಮನೆ," ಅನ್ನುತ್ತಾಳೆ.
ಮೂರು ಮೈಲಿ ಮೊದಲೇ ಸರಿದಿದ್ದರೆ
ಮೈ ತೊಳೆಸಿ ಬಟ್ಟೆ ತೊಡಿಸುವುದು ಸರ್ಕಾರದ ಲೆಕ್ಕಕ್ಕೆ;
ಆ ಕಡೆಯ ಮಗ ಭಾನುವಾರ ಭಾನುವಾರ ಬಂದು
ಅದನ್ನೇ ಹೇಳಿ ಹೋಗುತ್ತಾನೆ.

ಎಡಗಾಲಿಗೆ ಕಾಲುಚೀಲ ಏರಿಸುತ್ತಾ ನಾನೂ ಕೇಳಿದೆ:
"ಯಾಕೆ ಹೋಗಲಿಲ್ಲ?"
ಅವಳು ಕಿಟಕಿ ಕಡೆ ಗದ್ದ ತೋರಿಸಿದಳು.
ಸೇತುವೆ, ಇಳಿತದ ಕೆಸರು, ಹಂಸಗಳ ಹಿಂಡು.
"ಅಲ್ಲಿಂದ ಹೊಳೆ ಕಾಣಿಸಲ್ಲ, ಪೆಟ್.
ಮಗ ಕಾಣಿಸ್ತಾನೆ."

ನಗು ತಡೆಯಲಾಗದೆ
ಬಲಗಾಲಿನ ಚೀಲ ಹಿಂದುಮುಂದಾಯಿತು.

ಬೆಳಿಗ್ಗೆ ಮನೆಗೆ ಬಂದು ಓಬಳೇಶನಿಗೆ ಹೇಳಬೇಕೆಂದಿದ್ದೆ,
ಅವನು ಆಗಲೇ ಗಡಿ ದಾಟಿದ್ದ.
ಮೇಜಿನ ಮೇಲೆ ಬಿಲ್ಲು, ಬೆನ್ನು ಮೇಲಾಗಿ,
ಎರಡು ದೇಶಗಳ ಮೇಲೂ ಚಹಾ ಲೋಟದ ಒಂದೇ ಉಂಗುರ.
ಮಗುಚಿ ನೋಡಿದೆ.
ಬೆನ್ನ ಮೇಲೆ ಅಷ್ಟೆಲ್ಲ ಬರೆದವರು
ಮುಖ ನೋಡಿರಲಿಲ್ಲ:
ಕಟ್ಟುವ ತಾರೀಖು
ಮೊನ್ನೆಯೇ ದಾಟಿಹೋಗಿದೆ.