ಮೂರನೇ ಸಂಕೇತ

ಬೈತಖೋಲ ಬಂದರು ಕಚೇರಿಯಲ್ಲಿ ನನ್ನ ಕುರ್ಚಿ
ಕಿಟಕಿಗೆ ಬೆನ್ನು ಹಾಕಿದೆ. ಕಡಲು ನನಗೆ ಕಾಣುವುದು
ಎದುರಿನ ಕಪಾಟಿನ ಗಾಜಿನಲ್ಲಿ, ಎಡಬಲ ತಿರುಗಿ.
ಅಕ್ಟೋಬರ್ ಹದಿನಾಲ್ಕು, ಬೆಳಿಗ್ಗೆ ಹತ್ತೂಕಾಲಿಗೆ
ಹವಾಮಾನದವರ ಸಂದೇಶ ಬಂತು:
ಲೋಕಲ್ ಕಾಷನರಿ ಸಿಗ್ನಲ್, ನಂಬರ್ ಮೂರು, ಏರಿಸಿ.
ಏರಿಸುವುದು ಗಣಬಾನ ಕೆಲಸ. ಕಂಬ, ಹಗ್ಗ, ರಾಟೆ ಅವನವು.
ಕನ್ನಡದಲ್ಲಿ ಬರೆದು ಫಲಕಕ್ಕೆ ಅಂಟಿಸುವುದು ನನ್ನದು.

ಕಾಷನರಿ.
ಸುಲಭ ಅಂದುಕೊಂಡೆ: ಎಚ್ಚರಿಕೆಯ.
ಆದರೆ ನಾಲ್ಕನೆಯದು ವಾರ್ನಿಂಗ್. ಅದೂ ಎಚ್ಚರಿಕೆಯೇ.
ಮೂರಕ್ಕೂ ನಾಲ್ಕಕ್ಕೂ ನಡುವೆ ಇಂಗ್ಲಿಷಿನಲ್ಲಿ ಒಂದು ಮೆಟ್ಟಿಲು,
ನನ್ನ ಹಾಳೆಯ ಮೇಲೆ ಒಂದೇ ಜಗಲಿ.

ನಿಘಂಟು ತೆಗೆದೆ. ಗೆದ್ದಲು ತಿಂದು ಉಳಿಸಿದ ಪುಟದಲ್ಲಿ
ಗುಣವಾಚಕ ಎಂದಿತ್ತು.
ಬಿಣಗಾ ಶಾಲೆಯ ರೆಬೆಲೊ ಟೀಚರ್ ಹೇಳುತ್ತಿದ್ದರು,
ಗುಣವಾಚಕ ಅಂದರೆ ಗುಂಡಿ, ಅಂಗಿ ಎಲ್ಲಿ ತೋರಿಸು.
ಇದನ್ನು ಕತೆಗೆ ಹೊಲಿದರೆ, ಕತೆಯೊಳಗೆ ಯಾರೋ ಕೆಟ್ಟಿರುತ್ತಾರೆ
ಕೇಳುವವರು ಕೆಡದಿರಲಿ ಎಂದು.
ಮಾತಿಗೆ ಹೊಲಿದರೆ, ಆಡಿದವರು ಸ್ವಲ್ಪ ಹಿರಿಯರು.
ಬೇಡ ಅನ್ನುವುದಿಲ್ಲ ಇದು. ಬೇಡ ಅನ್ನಲು ಅಧಿಕಾರವಿಲ್ಲ.
ನನ್ನ ಹಾಗೆ, ದ್ವಿತೀಯ ದರ್ಜೆ.

ಹುಷಾರು ಎಂದು ಬರೆಯಬಹುದಿತ್ತು. ಆದರೆ ನಮ್ಮಲ್ಲಿ
ಹುಷಾರಿಲ್ಲ ಅಂದರೆ ಜ್ವರ.
ಜೋಕೆ ಅಂದರೆ ಅತ್ತೆಯ ಬೆರಳು ಗಾಳಿಯಲ್ಲಿ ಆಡುತ್ತದೆ.
ಎಚ್ಚರ ಅಂದರೆ ನಿದ್ದೆ ಬಿಟ್ಟವರು; ಇವರೋ
ರಾತ್ರಿ ಮೂರಕ್ಕೇ ಎದ್ದು ಬಲೆ ಹೊತ್ತವರು.
ಇವರನ್ನು ಎಬ್ಬಿಸಲು ನಾನು ಯಾರು?

ಅಷ್ಟರಲ್ಲಿ ಪುರ್ಸೋ ತಾಂಡೇಲ ಬಾಗಿಲಲ್ಲಿ, ಮಂಡಿಯವರೆಗೆ ಒದ್ದೆ:
'ಅಕ್ಕೋರೆ, ಮೂರು ಅಂದ್ರೆ ಎಂತದು? ಹೋಗೂದೋ ಬಿಡೂದೋ, ಅಷ್ಟ್ ಹೇಳಿ.'
ಹೋಗಬೇಡಿ ಅಂತಲ್ಲ, ಅಂದೆ. ಹೋಗಿ ಅಂತಲೂ ಅಲ್ಲ.
'ಹಂಗಾದ್ರೆ ಎಂತಕ್ಕೆ ಕಟ್ಟಿದ್ದು ಅದ್ನ, ಬಟ್ಟೆ ಒಣಗಿಸೂಕಾ?'

ಹೊರಗೆ ಅವನ ಅತ್ತಿಗೆ ಶೇವಂತಿ ಬುಟ್ಟಿಗೆ ಮಂಜುಗಡ್ಡೆ ಸುರಿಯುತ್ತಿದ್ದಳು.
ಒಮ್ಮೆ ಕಂಬದ ತುದಿ ನೋಡಿದಳು, ಒಮ್ಮೆ ಕೂರ್ಮಗಡದ ಆಚೆಯ ಬಣ್ಣ.
'ನೋಡ್ಕಂಡ್ ಹೋಗು' ಅಂದಳು, ಅಷ್ಟೇ.
ಬಸ್ಸು ಹತ್ತುವ ಮಗಳಿಗೆ,
ಸಿಡಿಯುವ ಒಗ್ಗರಣೆಯ ಕಡೆ ಕೈ ಚಾಚಿದ ಗಂಡನಿಗೆ,
ಕಚೇರಿಯ ಮೂರನೇ ಮೆಟ್ಟಿಲು ಅಲುಗುತ್ತದೆಂದು ಹೊಸಬರಿಗೆ
ದಿನಕ್ಕೆ ಹತ್ತು ಸಲ ನಾನೇ ಅನ್ನುವ ಮಾತು.
ಗುಣವಾಚಕವೇ ಅಲ್ಲ. ಅರ್ಧ ಕ್ರಿಯಾಪದ,
ಉಳಿದರ್ಧ ಕೇಳಿದವನ ಕಾಲಿನಲ್ಲಿ.

ಬರೆದೆ: ಮೂರನೇ ಸಂಕೇತ. ಅರ್ಥ: ನೋಡಿಕೊಂಡು.
ಪೆಡ್ನೇಕರ್ ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.
ವಾಕ್ಯ ಪೂರ್ಣವಾಗಿಲ್ಲವಂತೆ. ಪಕ್ಕಕ್ಕೆ ತಾವೇ ಬರೆದರು
ಸ್ಥಳೀಯ ಮುನ್ನೆಚ್ಚರಿಕಾ ಸಂಕೇತ, ದುಂಡಗೆ, ಸಹಿ ಸಮೇತ.
ಅಂಟಿಸಿದೆ. ಯಾರೂ ನಿಂತು ಓದಲಿಲ್ಲ.

ಪುರ್ಸೋ ಹೋದ.
ಮಧ್ಯಾಹ್ನವೆಲ್ಲ ಕಪಾಟಿನ ಗಾಜಿನಲ್ಲಿ ಕಡಲು ಬೂದಿ.
ಹಾಜರಿ ಪುಸ್ತಕದ ಮೊತ್ತ ಎರಡು ಸಲ ತಪ್ಪಿತು.
ಎರಡು ಸಲವೂ ಕುರ್ಚಿ ತಿರುಗಿಸಿ ನೇರ ನೋಡಿದೆ.

ನಾಲ್ಕೂವರೆಗೆ ಬಂದ. ಅರ್ಧ ಬುಟ್ಟಿ ಬಂಗಡೆ, ಬಾಯ್ತುಂಬ ನಗು:
'ನಿಮ್ಮ ಮೂರು ಸುಳ್ಳು ಅಕ್ಕೋರೆ, ಒಂದ್ ಚೂರ್ ಗಾಳಿ ಇಲ್ಲ.'
ಹೌದು, ಸುಳ್ಳು, ಅಂದೆ. ಇಷ್ಟು ಸಂತೋಷದಿಂದ
ಯಾವ ಆರೋಪವನ್ನೂ ನಾನು ಒಪ್ಪಿಕೊಂಡಿದ್ದಿಲ್ಲ.
ಐದು ಬಂಗಡೆ ಮೇಜಿನ ಮೇಲಿಟ್ಟ, ನಿಘಂಟಿಗೆ ತಾಗಿಸಿ.
ಪುಟದ ಅಂಚು ನೀರು ಕುಡಿಯತೊಡಗಿತು.

ಕಂಬದ ಬುಡದಿಂದ ಗಣಬಾ ಕೂಗುತ್ತಿದ್ದ,
ಇಳಿಸೂದಾ?
ಇಳಿಸಿ ಎಂದು ಯಾರೂ ಇನ್ನೂ ಹೇಳಿರಲಿಲ್ಲ.