ಎರಡನೆಯ ದಾರ

ಯೆರೆವಾನ್, ತೊಂಬತ್ತಮೂರರ ಜನವರಿ.
ದಿನಕ್ಕೊಂದು ಗಂಟೆ ಕರೆಂಟು, ಅದೂ ಬಂದರೆ ಬಂತು.
ಉದ್ಯಾನದ ಮರಗಳೆಲ್ಲ ಒಲೆಗೆ ಹೋಗಿ
ನಮ್ಮ ಪ್ರಯೋಗಶಾಲೆಯ ಕಿಟಕಿಗೆ
ಬೆಟ್ಟ ನೇರ ಕಾಣುತ್ತಿತ್ತು, ಬೆಳ್ಳಗೆ, ಗಡಿಯಾಚೆ.

ತಿಕಿನ್ ಅರ್ಶಲೂಯ್ಸ್‌ಗೆ ಕರೆಂಟಿನ ಹಂಗಿರಲಿಲ್ಲ.
ಸೀಮೆಎಣ್ಣೆ ದೀಪದ ಹೊಗೆಗೆ ಕಾಗದ ಹಿಡಿದು ಮಸಿ ಕಟ್ಟಿಸಿ
ಉರುಳೆಗೆ ಸುತ್ತಿ, ಕೀಲಿ ಕೊಟ್ಟು,
ಕಪ್ಪೆಯ ಗುಂಡಿಗೆಯ ತುದಿಗೆ ಕೊಕ್ಕೆ ಸಿಕ್ಕಿಸಿದಳು.
ಕಡ್ಡಿ ಎದ್ದಿತು, ಇಳಿಯಿತು.
ಕರಿಯ ಮೇಲೆ ಬಿಳಿಯ ಸಣ್ಣ ಗುಡ್ಡ. ಮತ್ತೊಂದು.

"ಯಾವ ತಂತಿಯಿಂದ ಬರುತ್ತಿದೆ ಇದಕ್ಕೆ?" ವಘಾರ್ಶ್ ಕೇಳಿದ,
ಕೈಗವಸು ಬಿಚ್ಚದೆ.

"ಯಾವುದರಿಂದಲೂ ಇಲ್ಲ.
ಮೇಲಿನ ಮೂಲೆಯ ಆ ಚಿಟಿಕೆ ಮಾಂಸ ನೋಡು.
ಸುಮ್ಮನೆ ಕೂರಲು ಬರುವುದಿಲ್ಲ ಅದಕ್ಕೆ.
ಸೋಡಿಯಂ ಜಿನುಗುತ್ತಲೇ ಇರುತ್ತದೆ, ತೂತು ದೋಣಿಗೆ ನೀರಿನಂತೆ;
ಮಟ್ಟ ಏರಿ ಏರಿ ಅಂಚು ಮುಟ್ಟಿದರೆ
ಕ್ಯಾಲ್ಸಿಯಂ ಬಾಗಿಲು ತಳ್ಳಿಕೊಂಡು ನುಗ್ಗುತ್ತದೆ.
ಅದೇ ಮಿಡಿತ. ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲ ಮೊದಲಿನ ಹಾಗೆ.
ಮತ್ತೆ ಜಿನುಗು."

ಅಂಗೈಯಲ್ಲಿ ಬೆಚ್ಚಗೆ ಮಾಡಿದ ಉಪ್ಪುನೀರು, ಎರಡು ಹನಿ ಬಿಟ್ಟಳು.
ಗುಡ್ಡಗಳು ಒತ್ತೊತ್ತಾದವು.

"ಸುದ್ದಿ ನಡುವೆ ಒಂದು ಕಡೆ ತಡೆಯುತ್ತದೆ,
ಬ್ರೆಡ್ಡಿನ ಸಾಲಿನಲ್ಲಿ ನಾವು ನಿಂತ ಹಾಗೆ.
ಬೈಯಬೇಡಿ. ಆ ತಡದಲ್ಲೇ ಕೆಳಕೋಣೆ ತುಂಬುವುದು.
ಇನ್ನು, ಒಮ್ಮೆ ಮಿಡಿದ ಮೇಲೆ ಸ್ವಲ್ಪ ಹೊತ್ತು ಅದು ಕಿವುಡು,
ಎಷ್ಟು ಬಡಿದರೂ ಓಗೊಡದು.
ಮೀನಖಂಡಕ್ಕೆ ಸೆಡೆತ ಬಂದೀತು, ಇದಕ್ಕಿಲ್ಲ."

ಆಮೇಲೆ ದಾರ ತೆಗೆದಳು.
ಮೊದಲ ಗಂಟು, ಆ ಮೂಲೆಯ ಕೆಳಗೆ:
ಮೂಲೆ ಮಿಡಿಯುತ್ತಲೇ ಇತ್ತು, ಉಳಿದದ್ದೆಲ್ಲ ನಿಂತಿತು.
ಕಡ್ಡಿ ನೇರ ಗೆರೆ ಎಳೆಯಿತು. ಯಾರೂ ಕೆಮ್ಮಲಿಲ್ಲ.
ಎರಡನೆಯ ಗಂಟು, ಮೇಲ್ಕೋಣೆ ಕೆಳಕೋಣೆಗಳ ನಡುವೆ.
ಕಾದೆವು.
ಒಂದು ಗುಡ್ಡ.
ಬಹಳ ಹೊತ್ತಿಗೆ ಇನ್ನೊಂದು.
"ಮೇಲಿನ ಅಪ್ಪಣೆ ಬರಲಿಲ್ಲವೆಂದು ಕೆಳಗಿನವರು ಸಾಯುವುದಿಲ್ಲ," ಎಂದಳು,
"ತಮ್ಮದೇ ನಿಧಾನದಲ್ಲಿ ಶುರುಮಾಡುತ್ತಾರೆ."

ಸಂಜೆ ಆರಕ್ಕೆ ಬಲ್ಬು ಹತ್ತಿತು!
ಓಡಿದೆವು, ಇಸಿಜಿ ಯಂತ್ರದ ಹೊದಿಕೆ ಕಿತ್ತೆವು.
ಆ ಚಳಿಗೆ ಕಾಲುಚೀಲ ಕಳಚಲು ಯಾರೂ ಒಪ್ಪದೆ
ಕೊನೆಗೆ ಆಕೆಯೇ ಮಲಗಿದಳು, ಬೆಂಚಿನ ಮೇಲೆ.

ಪಿ ಅಲೆಗಳು ಸಾಲಾಗಿ ಬಂದವು, ನಿಮಿಷಕ್ಕೆ ಎಂಬತ್ತು.
ಅವುಗಳ ಬೆನ್ನಿಗೆ ಬರಬೇಕಾದ ಚೂಪು ಶಿಖರ ಬರಲಿಲ್ಲ;
ಬಂದದ್ದು ತನಗೆ ತೋಚಿದಾಗ, ಅಗಲವಾಗಿ, ಮೂವತ್ತಾರು.
ಒಂದಕ್ಕೊಂದು ಪರಿಚಯವೇ ಇಲ್ಲ.
ವಘಾರ್ಶ್ ಎರಡು ಸಲ ಅಳೆದ.
ಹೋದ ವಾರ ಬ್ರೆಡ್ಡಿನ ಸಾಲಿನಲ್ಲಿ ಆಕೆ ಬಿದ್ದದ್ದು,
ಹಸಿವು ಎಂದು ನಾವು ಸಕ್ಕರೆ ತಿನ್ನಿಸಿದ್ದು.

"ಕೊಡಿ ಇಲ್ಲಿ."
ಕನ್ನಡಕ ಏರಿಸಿ ಪಟ್ಟಿ ನೋಡಿದಳು,
ನಮ್ಮ ಉತ್ತರಪತ್ರಿಕೆ ನೋಡುವ ಹಾಗೆ.
"ಹ್ಞೂಂ. ಎರಡನೆಯ ದಾರ."

ಅಷ್ಟರಲ್ಲಿ ಕರೆಂಟು ಹೋಯಿತು.
ಕತ್ತಲಲ್ಲಿ ಆಕೆಯ ಮಣಿಕಟ್ಟು ಹುಡುಕಿದೆ.
ಒಂದು.
ಮೆಟ್ಟಿಲ ಮೇಲೆ ವಘಾರ್ಶ್‌ನ ಬೂಟು, ಆಸ್ಪತ್ರೆಯ ಕಡೆಗೆ.
ಎರಡು.
ಮೇಜಿನ ಮೇಲೆ, ಕೀಲಿ ಇನ್ನೂ ಮುಗಿಯದೆ,
ಕಡ್ಡಿ ಮಸಿ ಗೀರುತ್ತಿತ್ತು.